ಮೂರು ಲೋಕ, ಒಂದೇ ಮೇಜು: ಕ್ಯಾಂಪೇನ್ ನಡೆಸಲು ಯಾವುದು ವಾಸಿ?

ಮೇಜಿನ ಸುತ್ತ ಕೂತು, ದಾಳ ಹಾಕಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ರೋಲ್‌ಪ್ಲೇಯಿಂಗ್ ಆಟಗಳ ಮಾತು ಇದು. ಪುಸ್ತಕ, ಸಿನಿಮಾಗಳಲ್ಲಿ ಕಂಡು ಕೇಳಿದ ಲೋಕದಲ್ಲಿ ಕ್ಯಾಂಪೇನ್ (ಹಲವು ಸಲ ಸೇರಿ ಆಡುವ ಒಂದೇ ಉದ್ದದ ಕಥೆ) ನಡೆಸುವುದು ಸುಲಭ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ನಕ್ಷೆ ಇದೆ, ಊರುಗಳಿವೆ, ಖಳನಾಯಕನೂ ರೆಡಿ. ಇನ್ನೇನು ಬೇಕು? ಆಟ ಶುರುವಾದ ಮೇಲೆ ತಲೆನೋವು ಗೊತ್ತಾಗುತ್ತದೆ. ಕೊನೆಗೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತಿರುವಾಗ ನಮ್ಮ ಪಾತ್ರಗಳಿಗೆ ಏನು ಕೆಲಸ? ಆಟ ನಡೆಸುವ ಜಿಎಂಗಿಂತ (ಗೇಮ್ ಮಾಸ್ಟರ್) ಜಾಸ್ತಿ ತಿಳಿದುಕೊಂಡ ಆಟಗಾರ ಒಬ್ಬ, ಏನೂ ಗೊತ್ತಿಲ್ಲದವರು ಇಬ್ಬರು. ಇವರನ್ನೆಲ್ಲ ಒಂದೇ ಮೇಜಿನಲ್ಲಿ ಸಂಭಾಳಿಸುವುದು ಹೇಗೆ?

ಹೆಚ್ಚು ಕಡಿಮೆ ಅದೇ ಗುಂಪಿನ ಜೊತೆ ನಾನು ಮೂರು ಲೋಕಗಳಲ್ಲಿ ಆಟ ನಡೆಸಿದ್ದೇನೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಐದನೇ ಆವೃತ್ತಿಯಲ್ಲಿ ಫಾರ್ಗಾಟನ್ ರೆಲ್ಮ್ಸ್. ಎಡ್ಜ್ ಆಫ್ ದಿ ಎಂಪೈರ್ ನಿಯಮಗಳಲ್ಲಿ ಸ್ಟಾರ್ ವಾರ್ಸ್. ದಿ ಒನ್ ರಿಂಗ್ ಎರಡನೇ ಆವೃತ್ತಿಯಲ್ಲಿ 'ಲಾರ್ಡ್ ಆಫ್ ದಿ ರಿಂಗ್ಸ್' ಕಥೆಯ ಮಿಡಲ್ ಅರ್ಥ್. ನಿಯಮಗಳ ವ್ಯತ್ಯಾಸ ಇದ್ದೇ ಇದೆ. ಆದರೆ ನನ್ನ ಮಟ್ಟಿಗೆ ಆಟದ ಹಣೆಬರಹ ಬರೆದದ್ದು ಬೇರೆಯದೇ: ಆ ಲೋಕ ನಮಗೆ ಎಷ್ಟು ಖಾಲಿ ಜಾಗ ಬಿಟ್ಟಿದೆ ಅನ್ನುವುದು.

ಫಾರ್ಗಾಟನ್ ರೆಲ್ಮ್ಸ್ ಈ ಮೂರರಲ್ಲಿ ಆಟಕ್ಕೆ ಅಂತಲೇ ಪೆಟ್ಟಿಗೆಯಲ್ಲಿ ಬಂದ ಲೋಕ. ಎಡ್ ಗ್ರೀನ್‌ವುಡ್ ಚಿಕ್ಕ ಹುಡುಗನಾಗಿದ್ದಾಗ ಕಲ್ಪಿಸಿಕೊಂಡಿದ್ದನ್ನು ಟಿಎಸ್‌ಆರ್ ಕಂಪನಿ 1987ರಲ್ಲಿ ಪ್ರಕಟಿಸಿತು. ಹಾಗಾಗಿ ಇದೇ ಎಲ್ಲಕ್ಕಿಂತ ಸಲೀಸು ಅನಿಸಬೇಕಲ್ವಾ? ನನಗೆ ಅತಿ ಭಾರವಾದದ್ದು ಇದೇ. ಆವೃತ್ತಿ ಬದಲಾದಾಗೆಲ್ಲ ಲೋಕವೂ ಅಲುಗಾಡಿದೆ. 2008ರಲ್ಲಿ ನಾಲ್ಕನೇ ಆವೃತ್ತಿ ಬಂದಾಗ ಕಥೆಯ ಕಾಲ ಸುಮಾರು ನೂರು ವರ್ಷ ಮುಂದಕ್ಕೆ ಹಾರಿತು. 2014ರಲ್ಲಿ ಐದನೆಯದು ಬಂದಾಗ ಕಳೆದುಹೋಗಿದ್ದ ಎಷ್ಟೋ ಸಂಗತಿಗಳು ಮತ್ತೆ ಬಂದವು. ಒಂದು ನಗರದ ಬಗ್ಗೆ ಓದಲು ಹೊರಟರೆ ಮೂರು ಕಾಲದ ಮೂರು ಉತ್ತರ ಸಿಗುತ್ತವೆ. ಇಷ್ಟೆಲ್ಲ ಓದಿಕೊಂಡು ಬಂದರೆ ಆಟಗಾರರಿಗೆ ಅದರ ಗಂಧಗಾಳಿ ಇರುವುದಿಲ್ಲ. ವಾಟರ್‌ಡೀಪ್ ಅಂದರೆ ಅವರಿಗೆ ಬರೀ ಇನ್ನೊಂದು ದೊಡ್ಡ ಊರು. ಬಾಲ್ಡರ್ಸ್ ಗೇಟ್ ವಿಡಿಯೋ ಗೇಮ್ ಆಡಿದವರಿಗೆ ಮಾತ್ರ ಆ ಹೆಸರಿನ ನಗರ ಕಣ್ಣಿಗೆ ಕಟ್ಟುತ್ತದೆ.

ಇನ್ನೊಂದು ತಕರಾರು ಹಳೆಯದು. ಈ ಲೋಕದ ತುಂಬ ಮಹಾ ಮಾಂತ್ರಿಕರು. ಎಲ್ಮಿನ್‌ಸ್ಟರ್‌ನಂಥವನು ಬದುಕಿರುವಾಗ ಮೊದಲ ಹಂತದ ಕಳ್ಳ, ಪೂಜಾರಿ ಸೇರಿ ಊರು ಉಳಿಸುವುದು ಯಾಕೆ? ಆಟಗಾರರು ಕೇಳಿಯೇ ಕೇಳುತ್ತಾರೆ. 'ಅವರು ಬೇರೆ ಕೆಲಸದಲ್ಲಿದ್ದಾರೆ' ಅನ್ನುವ ಉತ್ತರ ಒಂದು ಸಲ ನಡೆಯುತ್ತದೆ, ಎರಡನೇ ಸಲ ಎಲ್ಲರೂ ನಗುತ್ತಾರೆ.

ಇಲ್ಲಿ ನನಗೆ ನಿಜವಾಗಿ ದಕ್ಕಿದ್ದು ಫಾಂಡಲಿನ್. 2014ರ ಸ್ಟಾರ್ಟರ್ ಸೆಟ್‌ನಲ್ಲಿ ಬರುವ ಪುಟ್ಟ ಊರು. ಒಂದು ಛತ್ರ, ಒಂದೆರಡು ಅಂಗಡಿ, ಊರಿಗೆ ಕಾಟ ಕೊಡುವ ಪುಂಡರು, ಹತ್ತಿರದಲ್ಲೊಂದು ಕಳೆದುಹೋದ ಗಣಿ. ಅಷ್ಟರಲ್ಲಿ ಆಟ ಓಡುತ್ತದೆ. ಹೊರಗಿನ ಸಾವಿರ ಪುಟದ ಇತಿಹಾಸ ಯಾರಿಗೂ ಬೇಕಾಗಲಿಲ್ಲ. ಹಾಗಾದರೆ ಈ ಲೋಕವೇ ಯಾಕೆ ಬೇಕಿತ್ತು ಅಂತ ನನಗೆ ಅನಿಸಿದ್ದೂ ಆಗಲೇ.

ಸ್ಟಾರ್ ವಾರ್ಸ್‌ನಲ್ಲಿ ಈ ಸಮಸ್ಯೆ ಉಲ್ಟಾ. 'ಹೈಪರ್‌ಡ್ರೈವ್ ಕೆಟ್ಟಿದೆ, ಹಿಂದೆ ಟೈ ಫೈಟರ್‌ಗಳು ಬರುತ್ತಿವೆ' ಅಂದರೆ ಸಾಕು. ಎಲ್ಲರ ಕಿವಿಯಲ್ಲೂ ಅದೇ ಸದ್ದು. ವಿವರಣೆಗೆ ಹೋಗುವ ಸಮಯ ಪೂರ್ತಿ ಉಳಿಯುತ್ತದೆ. ಗ್ಯಾಲಕ್ಸಿ ದೊಡ್ಡದು, ಅದರ ಅಂಚಿನ ಔಟರ್ ರಿಮ್‌ನಲ್ಲಿ ನಮ್ಮದೇ ಒಂದು ಗ್ರಹ ಸೇರಿಸಿದರೆ ಕೇಳುವವರಿಲ್ಲ.

2013ರಲ್ಲಿ ಬಂದ ಎಡ್ಜ್ ಆಫ್ ದಿ ಎಂಪೈರ್ ಕಳ್ಳಸಾಗಣೆದಾರರು, ಬೌಂಟಿ ಹಂಟರ್‌ಗಳ ಆಟ. ಪ್ರತಿ ಪಾತ್ರಕ್ಕೂ ಒಂದು ಆಬ್ಲಿಗೇಷನ್ ಇರುತ್ತದೆ: ಸಾಲ, ತಲೆಯ ಮೇಲಿನ ಬಹುಮಾನ, ಮನೆಯವರ ಜವಾಬ್ದಾರಿ, ಹೀಗೆ. ಪ್ರತಿ ಸೆಷನ್ (ಒಂದು ಸಲದ ಆಟ) ಶುರುವಿಗೆ ಜಿಎಂ ದಾಳ ಹಾಕಿ ಯಾರ ಬಾಕಿ ಇವತ್ತು ಬಾಗಿಲು ತಟ್ಟುತ್ತದೆ ಅಂತ ನೋಡುತ್ತಾನೆ. ಅರ್ಧ ಕಥೆ ಅಲ್ಲೇ ಸಿಕ್ಕಿಬಿಡುತ್ತದೆ.

ದಾಳಗಳಲ್ಲಿ ಅಂಕಿಗಳ ಬದಲು ಚಿಹ್ನೆಗಳು. ಗೆಲುವು ಸೋಲು ಒಂದು ಲೆಕ್ಕ, ಅನುಕೂಲ ತೊಂದರೆ ಇನ್ನೊಂದು ಲೆಕ್ಕ. ನಮ್ಮ ಆಟದಲ್ಲಿ ಒಬ್ಬಳು ಡಾಕಿಂಗ್ ಬೇಯ ಬಾಗಿಲು ತೆರೆಯಲು ಹೋದಳು. ಬಂದದ್ದು ಸೋಲು, ಜೊತೆಗೆ ಮೂರು ಅನುಕೂಲ. ಬಾಗಿಲು ತೆರೆಯಲಿಲ್ಲ ಅಂತ ನಾನು ಹೇಳಿ ಮುಗಿಸುವ ಮೊದಲೇ ಅವಳು, 'ಹಾಗಾದ್ರೆ ಆ ಕಡೆ ಇದ್ದ ಸ್ಟಾರ್ಮ್‌ಟ್ರೂಪರ್‌ಗಳೂ ಒಳಗೇ ಸಿಕ್ಕಿಹಾಕಿಕೊಂಡ್ರು' ಅಂದಳು. ಆಮೇಲೆ ಆ ಸಂಜೆಯಿಡೀ ನಡೆದದ್ದು ಬಾಗಿಲಿನ ಎರಡೂ ಕಡೆಯಿಂದ ಚೌಕಾಸಿ. ಇಂಥದ್ದನ್ನು ನಾನು ಕೂತು ಬರೆಯಲು ಸಾಧ್ಯವೇ ಇರಲಿಲ್ಲ.

ಆದರೆ ಪ್ರತಿ ಸಲ ಚಿಹ್ನೆಗೆ ಅರ್ಥ ಹುಡುಕಿ ಹುಡುಕಿ ಜಿಎಂ ಸುಸ್ತಾಗುತ್ತಾನೆ. ಸೆಷನ್ ಕೊನೆಯ ಹೊತ್ತಿಗೆ ತೊಂದರೆ ಬಂದಾಗೆಲ್ಲ ಸುಮ್ನೆ ಸ್ಟ್ರೇನ್ (ಪಾತ್ರದ ಬಳಲಿಕೆಯ ಲೆಕ್ಕ) ಬರೆದುಕೊಳ್ಳಿ ಅಂದುಬಿಡುತ್ತಿದ್ದೆ. ದಾಳಗಳೂ ಈ ಆಟಕ್ಕೇ ಮಾಡಿದವು. ಮಾಮೂಲಿ ದಾಳ ಬಳಸುವವರಿಗೆ ಪುಸ್ತಕದಲ್ಲಿ ಕೋಷ್ಟಕ ಇದೆ, ಆದರೆ ಪ್ರತಿ ಎಸೆತಕ್ಕೂ ಅದನ್ನು ನೋಡಿಕೊಂಡು ಆಡುವುದು ಶಿಕ್ಷೆ.

ಕ್ಯಾನನ್ ಜಗಳ, ಅಂದರೆ ಯಾವ ಕಥೆ ಅಧಿಕೃತ ಅನ್ನುವ ಜಗಳ, ಇಲ್ಲೇ ಜೋರು. 2014ರಲ್ಲಿ ಲ್ಯೂಕಾಸ್‌ಫಿಲ್ಮ್ ಹಳೆಯ ಕಾದಂಬರಿ, ಕಾಮಿಕ್ಸ್‌ಗಳ ಹೆಚ್ಚಿನ ಭಾಗವನ್ನು 'ಲೆಜೆಂಡ್ಸ್' ಅಂತ ಬದಿಗಿಟ್ಟಿತು. ನಮ್ಮಲ್ಲಿ ಒಬ್ಬ ಹಳೆಯದನ್ನೆಲ್ಲ ಓದಿದವನು, ಇನ್ನೊಬ್ಬ ಹೊಸ ಸರಣಿಗಳನ್ನಷ್ಟೇ ನೋಡಿದವನು. ಒಂದೇ ಗ್ರಹದ ಬಗ್ಗೆ ಇಬ್ಬರದೂ ಎರಡು ಮಾತು. ನಾನು ಒಂದೇ ಕಟ್ಟಳೆ ಹಾಕಿದೆ: ಮೇಜಿನ ಮೇಲೆ ಬಂದದ್ದಷ್ಟೇ ನಿಜ. ಸಿನಿಮಾದ ಖಳನಾಯಕ ವೇಡರ್ ಸಿಕ್ಕರೆ ಅವನನ್ನೂ ಕೊಲ್ಲಬಹುದು, ತಾಕತ್ತಿದ್ದರೆ. ಹಾಗೆ ಹೇಳಿದ ಮೇಲೆ ಯಾರೂ ಅವನ ಹತ್ತಿರ ಸುಳಿಯಲಿಲ್ಲ ಅನ್ನುವುದು ಬೇರೆ ಮಾತು.

ಮಿಡಲ್ ಅರ್ಥ್‌ಗೆ ಬರುವಾಗ ನನಗೆ ಅಳುಕಿತ್ತು. ಇಷ್ಟು ಮುಗಿದುಹೋದ ಕಥೆ ಇನ್ನೊಂದಿಲ್ಲ. ಉಂಗುರ ಏನಾಗುತ್ತದೆ ಅಂತ ಮಕ್ಕಳಿಗೂ ಗೊತ್ತು. ದಿ ಒನ್ ರಿಂಗ್ ಇದಕ್ಕೆ ಕಂಡುಕೊಂಡ ದಾರಿ ಸರಳ. ಎರಡನೇ ಆವೃತ್ತಿಯ ಆಟ ಮೂರನೇ ಯುಗದ 2965ರಲ್ಲಿ ಶುರುವಾಗುತ್ತದೆ. ಉಂಗುರದ ಯುದ್ಧ ನಡೆಯುವುದು 3018, 3019ರಲ್ಲಿ. ನಡುವೆ ಅರ್ಧ ಶತಮಾನ. ಜಾಗ ಎರಿಯಡಾರ್: ಹಿಂದೆ ರಾಜ್ಯವಾಗಿತ್ತು, ಈಗ ಹಾಳು ಕೋಟೆಗಳು, ಹುಲ್ಲು ಬೆಳೆದ ರಸ್ತೆಗಳು, ಅಲ್ಲೊಂದು ಇಲ್ಲೊಂದು ಊರು. ಕಾಲವೂ ಖಾಲಿ, ನೆಲವೂ ಖಾಲಿ. ಲೋಕವನ್ನು ಉಳಿಸುವುದು ನಮ್ಮ ಕೆಲಸ ಅಲ್ಲ ಅಂತ ಎಲ್ಲರಿಗೂ ಮೊದಲೇ ಗೊತ್ತು. ಹಾಗಾಗಿ ಖಳನಾಯಕನ ಬಗ್ಗೆ 'ಸೌರಾನ್ ಸಾಯ್ತಾನಾ' ಅಂತ ಯಾರೂ ಕೇಳಲಿಲ್ಲ. 'ಈ ತೋಟದ ಮನೆಯವರು ಚಳಿಗಾಲ ದಾಟ್ತಾರಾ' ಅಂತ ಕೇಳಿದರು. ಕೊನೆ ಗೊತ್ತಿರುವುದು ಇಲ್ಲಿ ಅಡ್ಡಿಯಾಗಲೇ ಇಲ್ಲ.

ಪ್ರಯಾಣದ ನಿಯಮಗಳೇ ಈ ಆಟದ ಜೀವಾಳ. ದಾರಿ ತೋರುವವನು, ಬೇಟೆಗಾರ, ಕಾವಲಿನವನು, ಮುಂದೆ ಹೋಗಿ ನೋಡಿ ಬರುವವನು ಅಂತ ನಾಲ್ಕು ಕೆಲಸ ಹಂಚಿಕೊಳ್ಳಬೇಕು. ಒಮ್ಮೆ ನಮ್ಮವರು ಬ್ರೀ ಊರಿನಿಂದ ಗ್ರೀನ್‌ವೇ ರಸ್ತೆ ಹಿಡಿದು ಹಾಳುಬಿದ್ದ ಫಾರ್ನಾಸ್ಟ್ ನಗರದ ಕಡೆಗೆ ಹೊರಟಿದ್ದರು. ಬೇಟೆಗಾರ ಎಸೆದ ಹನ್ನೆರಡು ಮುಖದ ದಾಳದಲ್ಲಿ ಸೌರಾನ್‌ನ ಕಣ್ಣು ಬಿತ್ತು. ಅದು ಸೊನ್ನೆಗೆ ಸಮ. ಸಾಲದ್ದಕ್ಕೆ ಶತ್ರುವಿನ ಗಮನವೂ ಒಂದು ಗೆರೆ ಏರುತ್ತದೆ. ಬೇಟೆ ಸಿಗಲಿಲ್ಲ, ಎಲ್ಲರ ಆಯಾಸ ಹೆಚ್ಚಿತು. ಹೊತ್ತ ಭಾರ ಮತ್ತು ಆಯಾಸ ಸೇರಿ ಉಳಿದ ಶಕ್ತಿಯನ್ನು ಮುಟ್ಟಿದರೆ ಪಾತ್ರ ಬಳಲಿತು ಅಂತ ಲೆಕ್ಕ. ಆಮೇಲೆ ಆರು ಮುಖದ ದಾಳಗಳಲ್ಲಿ ಒಂದು, ಎರಡು, ಮೂರು ಬಿದ್ದರೆ ಬೆಲೆಯೇ ಇಲ್ಲ. ಕುಳ್ಳರ (ಡ್ವಾರ್ಫ್) ಯೋಧನಾಗಿ ಆಡುತ್ತಿದ್ದವನು ಬಹಳ ಹೊತ್ತು ಕ್ಯಾರೆಕ್ಟರ್ ಶೀಟ್ ನೋಡುತ್ತಾ ಕೂತ. ಕೊನೆಗೆ ಗುರಾಣಿಯನ್ನು ದಾರಿ ಬದಿಯ ಪೊದೆಯಲ್ಲಿ ಬಚ್ಚಿಟ್ಟು ನಡೆದ. ಒಬ್ಬ ಶತ್ರುವೂ ಬಂದಿರಲಿಲ್ಲ, ಆದರೂ ಮೇಜಿನ ಸುತ್ತ ಎಲ್ಲರಿಗೂ ಜೀವ ಬಾಯಿಗೆ ಬಂದಿತ್ತು.

ದೊಡ್ಡವರ ಸಮಸ್ಯೆಯನ್ನೂ ಇದು ಚೆನ್ನಾಗಿ ಬಿಡಿಸಿದೆ. ಮೂಲ ಕಥೆಯ ಗ್ಯಾಂಡಾಲ್ಫ್, ಬಿಲ್ಬೊ ಮುಂತಾದವರು ಇಲ್ಲಿ ಗುಂಪಿನ ಪೋಷಕರು. ಕೆಲಸ ಹೇಳುತ್ತಾರೆ, ನೆರವು ಕೊಡುತ್ತಾರೆ, ಮತ್ತೆ ತಮ್ಮ ದಾರಿ ಹಿಡಿಯುತ್ತಾರೆ. ಎಲ್ಮಿನ್‌ಸ್ಟರ್‌ನ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. ಎಲ್ಲ ತಿಳಿದ ಆಟಗಾರನೂ ಇಲ್ಲಿ ಉಪಯೋಗಕ್ಕೆ ಬಂದ. ಅವನು ಹೇಳಿದ್ದೆಲ್ಲ ಅವನ ಪಾತ್ರ ಎಲ್ಲೋ ಕೇಳಿದ ಹಳೆಯ ಹಾಡು, ನಿಜವೋ ಸುಳ್ಳೋ ನೋಡೋಣ ಅಂದೆ. ಈ ಲೋಕದಲ್ಲಿ ಜನ ಮಾತಾಡುವುದೇ ಹಾಗೆ, ಆದ್ದರಿಂದ ಅದು ಒಗ್ಗಿತು. ಸ್ಟಾರ್ ವಾರ್ಸ್‌ನಲ್ಲಿ ಇದೇ ಉಪಾಯ ಅಷ್ಟು ನಡೆಯಲಿಲ್ಲ.

ಬೆಂಕಿ ಉಂಡೆ ಎಸೆದು ಅಭ್ಯಾಸ ಇರುವವರಿಗೆ ಮಾತ್ರ ಇದು ಸಪ್ಪೆ. ಡಿ ಅಂಡ್ ಡಿಯಲ್ಲಿ ಇರುವಂಥ ಮಂತ್ರಗಳ ಪಟ್ಟಿ ಇಲ್ಲಿಲ್ಲ. ನಿಧಾನವೂ ಹೌದು. ನಮ್ಮ ಗುಂಪಿನಲ್ಲೇ ಒಬ್ಬ ನಡುವೆ ಬಿಟ್ಟುಹೋದ, ಸ್ಟಾರ್ ವಾರ್ಸ್ ಮತ್ತೆ ಶುರುವಾದಾಗ ಮೊದಲು ಬಂದು ಕೂತವನೂ ಅವನೇ.

ಹೊಸ ಗುಂಪು, ಯಾರಿಗೂ ಆಟದ ಪರಿಚಯ ಇಲ್ಲ ಅಂದರೆ ನಾನು ಸ್ಟಾರ್ ವಾರ್ಸ್ ತೆಗೆಯುತ್ತೇನೆ. ವರ್ಷಗಟ್ಟಲೆ ನಡೆಯಬೇಕು, ಬರುವವರು ತಪ್ಪದೇ ಬರುತ್ತಾರೆ ಅಂದರೆ ಕಣ್ಣು ಮುಚ್ಚಿ ಮಿಡಲ್ ಅರ್ಥ್. ಡಿ ಅಂಡ್ ಡಿ ನಿಯಮ ಬಿಟ್ಟು ಬೇರೆ ಕಲಿಯಲ್ಲ ಅಂತ ಗುಂಪು ಹಟ ಹಿಡಿದರೆ ಫಾಂಡಲಿನ್‌ನಿಂದ ಶುರು ಮಾಡಿ. ವಾಟರ್‌ಡೀಪ್‌ನ ದೊರೆಗಳ ಹೆಸರು ಉರು ಹೊಡೆಯಲು ಹೋಗಬೇಡಿ, ಯಾರೂ ಕೇಳುವುದಿಲ್ಲ.