ಚರ್ಚಾ ಪ್ರಬಂಧಕ್ಕೆ ಯಾವ ಪೀಠಿಕೆ? ತರಗತಿಯಲ್ಲಿ ಓದಿಸಿ ನೋಡಿದ ಹೋಲಿಕೆ

ಚರ್ಚಾ ಪ್ರಬಂಧದಲ್ಲಿ ಮಕ್ಕಳ ಪೆನ್ನು ನಿಲ್ಲುವ ಜಾಗ ಒಂದೇ, ಪೀಠಿಕೆ. ವಿಷಯ ಗೊತ್ತಿರುತ್ತದೆ. ಪರವೋ ವಿರೋಧವೋ ಎಂದು ಮನಸ್ಸಲ್ಲಿ ತೀರ್ಮಾನವೂ ಆಗಿರುತ್ತದೆ. ಮೊದಲ ಸಾಲು ಮಾತ್ರ ಬರುವುದಿಲ್ಲ. ಬಂದರೆ "ಇಂದಿನ ಆಧುನಿಕ ಯುಗದಲ್ಲಿ" ಎಂದೋ "ಅನಾದಿ ಕಾಲದಿಂದಲೂ" ಎಂದೋ ಬರುತ್ತದೆ. ಹತ್ತು ಮಕ್ಕಳ ಪುಸ್ತಕ ತೆರೆದರೆ ಹತ್ತರಲ್ಲೂ ಅದೇ ಸಾಲು. ಇದರಲ್ಲಿ ಮಕ್ಕಳ ತಪ್ಪಿಲ್ಲ. ಪೀಠಿಕೆ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಅದು ಏನು ಕೆಲಸ ಮಾಡಬೇಕು ಎಂದು ಹೇಳಿಕೊಡುವವರು ಕಡಿಮೆ.

ನಾನು ಉಡುಪಿಯ ಮೀನುಗಾರಿಕೆ ಬಂದರು ಮಲ್ಪೆ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಒಂದೇ ವಿಷಯಕ್ಕೆ ಬೇರೆ ಬೇರೆ ರೀತಿಯ ಪೀಠಿಕೆ ಬರೆಸಿ, ಯಾವುದು ಓದುವವರನ್ನು ಹಿಡಿದು ಕೂರಿಸುತ್ತದೆ ಎಂದು ನೋಡುವುದನ್ನು ಒಂಬತ್ತು ಮತ್ತು ಹತ್ತನೇ ತರಗತಿಯಲ್ಲಿ ಅಭ್ಯಾಸವಾಗಿ ಮಾಡಿಕೊಂಡಿದ್ದೇನೆ. ವಿಷಯ ಇದು: ಯಾಂತ್ರಿಕ ಮೀನುಗಾರಿಕೆಗೆ ಮಳೆಗಾಲದಲ್ಲಿರುವ 61 ದಿನಗಳ ನಿಷೇಧವನ್ನು 90 ದಿನಕ್ಕೆ ಏರಿಸಬೇಕೇ? ಬೋರ್ಡಿನ ಮೇಲೆ ಬರೆದು ಮುಗಿಸುವ ಮೊದಲೇ ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ. "ಎಂತಕ್ಕೆ ಟೀಚರ್, 90 ದಿನ ಯಾರು ಕೂತ್ಕೊಳ್ತಾರೆ?" ಚರ್ಚೆಗೆ ಇಂಥ ವಿಷಯವೇ ಬೇಕು. ಎಲ್ಲರಿಗೂ ಹೇಳಲು ಏನೋ ಇರುತ್ತದೆ.

ಪರೀಕ್ಷೆ ಮಾಡುವ ಕ್ರಮ ಸುಲಭ. ಮಕ್ಕಳು ಪೀಠಿಕೆ ಮಾತ್ರ ಬರೆಯುತ್ತಾರೆ, ಹೆಸರು ಹಾಕುವುದಿಲ್ಲ. ಅದನ್ನು ಪಕ್ಕದ ಸೆಕ್ಷನ್ನಿನಲ್ಲಿ ಗಟ್ಟಿಯಾಗಿ ಓದಿ ನಿಲ್ಲಿಸುತ್ತೇನೆ. ಆಮೇಲೆ ಕೇಳುವುದು ಇಷ್ಟೇ. ಬರೆದವರು ಯಾವ ಕಡೆ? ಮುಂದೆ ಏನು ಹೇಳಬಹುದು? ಕೇಳಬೇಕು ಅನಿಸುತ್ತಾ? ಕೇಳಿದ ಮಕ್ಕಳು ತಮ್ಮತಮ್ಮಲ್ಲೇ ವಾದ ಶುರು ಮಾಡಿದರೆ ಆ ಪೀಠಿಕೆ ಗೆದ್ದಂತೆ.

ವ್ಯಾಖ್ಯಾನದಿಂದ ಶುರುವಾಗುವ ಪೀಠಿಕೆ ಮೊದಲೇ ಬಿದ್ದುಹೋಯಿತು. "ಮೀನುಗಾರಿಕೆ ಎಂದರೆ ಸಮುದ್ರ, ನದಿಗಳಿಂದ ಮೀನು ಹಿಡಿಯುವ ಕಸುಬು." ಬಂದರಿನ ಪಕ್ಕ ಬೆಳೆದ ಮಕ್ಕಳಿಗೆ ಇದನ್ನು ಹೇಳಬೇಕಾ? ಯಾವ ಕಡೆ ಎಂದು ಕೇಳಿದರೆ ಯಾರಿಗೂ ಗೊತ್ತಾಗಲಿಲ್ಲ. ವಿಷಯದಲ್ಲಿರುವ ಪದದ ಅರ್ಥವೇ ಜಗಳದ ಮೂಲವಾಗಿದ್ದರೆ ವ್ಯಾಖ್ಯಾನಕ್ಕೆ ಜಾಗ ಇದೆ. ಇಲ್ಲದಿದ್ದರೆ ಬೇಡ.

ಪ್ರಶ್ನೆ ಮತ್ತು ಅಂಕಿ

ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟ ಪ್ರಶ್ನೆ. ಪ್ರಶ್ನೆ ಹಾಕಿದರೆ ಓದುಗರನ್ನು ಮಾತಾಡಿಸಿದ ಹಾಗೆ ಎಂಬ ನಂಬಿಕೆ. ಆದರೆ ಹೆಚ್ಚಿನವು "ನೀವು ಎಂದಾದರೂ ಸಮುದ್ರದ ಬಗ್ಗೆ ಯೋಚಿಸಿದ್ದೀರಾ?" ಎಂಬ ಥರದವು. ಕೇಳಿದವರು ಹೌದು ಎನ್ನಬಹುದು, ಇಲ್ಲ ಎನ್ನಬಹುದು. ಎರಡರಿಂದಲೂ ವಾದ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. "ಸಮುದ್ರ ಉಳಿಯಬೇಕಲ್ಲವೇ?" ಎಂಬುದು ಇನ್ನೂ ಸಪ್ಪೆ. ಬೇಡ ಎನ್ನುವವರು ಯಾರಿದ್ದಾರೆ?

ಆದರೆ ಒಬ್ಬಳು ಹುಡುಗಿ ಬರೆದ ಈ ಪ್ರಶ್ನೆಗೆ ಇಡೀ ತರಗತಿ ಕಿವಿ ನಿಮಿರಿಸಿತು: "ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಕಡಲು ಬೇರೆ, ತಿಂಗಳು ಬೇರೆ. ಆದರೂ ಎರಡೂ ಕಡೆ ಸರಿಯಾಗಿ 61 ದಿನವೇ ಯಾಕೆ?" ಮಕ್ಕಳು ಬೆರಳು ಮಡಚಿ ದಿನ ಎಣಿಸಿದರು. ಲೆಕ್ಕ ಸರಿ ಇತ್ತು. ಆಮೇಲೆ ಮಾತು ತಾನಾಗಿ ಹುಟ್ಟಿತು. ದಿನ ಎಷ್ಟಿರಬೇಕು ಎಂಬುದನ್ನು ಮೀನಿನ ಸಂತಾನ ನೋಡಿ ತೀರ್ಮಾನಿಸಬೇಕಾ, ಮನುಷ್ಯರ ಅನುಕೂಲ ನೋಡಿಯಾ? ಆ ಹುಡುಗಿಯ ಪ್ರಶ್ನೆ ಗೆದ್ದದ್ದು ಅದರ ಹಿಂದೆ ತಿಳಿದುಕೊಂಡ ವಿಷಯ ಇದ್ದುದರಿಂದ. ಬರೀ ಪ್ರಶ್ನೆಚಿಹ್ನೆ ಹಾಕಿದರೆ ಈ ಬಲ ಬರುವುದಿಲ್ಲ.

ಹಾಗಾದರೆ ಅಂಕಿಯೇ ಸಾಕಾ? ಇಲ್ಲಿ ಕಂಬಳದ ಉದಾಹರಣೆ ಹೇಳಬೇಕು. ಕಂಬಳ ಮುಂದುವರಿಯಬೇಕೇ ಎಂಬ ವಿಷಯ ಕೊಟ್ಟಾಗಲೆಲ್ಲ ಯಾರಾದರೊಬ್ಬರು ಶ್ರೀನಿವಾಸ ಗೌಡರ ಓಟದಿಂದಲೇ ಶುರು ಮಾಡುತ್ತಾರೆ. 2020ರ ಐಕಳ ಕಂಬಳದಲ್ಲಿ ಅವರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಕೋಣಗಳ ಜೊತೆ ಓಡಿದ್ದರು. ಅದನ್ನು 100 ಮೀಟರಿಗೆ ಇಳಿಸಿ ಲೆಕ್ಕ ಹಾಕಿದರೆ 9.55 ಸೆಕೆಂಡ್, ಉಸೇನ್ ಬೋಲ್ಟರ 9.58ಕ್ಕಿಂತ ಕಡಿಮೆ. ಓದಿದ ಕೂಡಲೇ ತರಗತಿಯಲ್ಲಿ ಚಪ್ಪಾಳೆ. ಆದರೆ "ಮುಂದೆ ಏನು ಹೇಳಬಹುದು?" ಎಂದು ಕೇಳಿದರೆ ಎಲ್ಲರೂ ಓಟದ ಬಗ್ಗೆಯೇ ಮಾತಾಡಿದರು. ಕೋಣಕ್ಕೆ ನೋವಾಗುತ್ತದೋ ಇಲ್ಲವೋ ಎಂಬುದೇ ಅಲ್ಲಿಯ ಚರ್ಚೆ. ಈ ಅಂಕಿ ಆ ಚರ್ಚೆಯ ಹತ್ತಿರಕ್ಕೂ ಹೋಗುವುದಿಲ್ಲ. ಮೇಲಾಗಿ 9.55 ಲೆಕ್ಕದಿಂದ ಬಂದ ಸಂಖ್ಯೆ, ಓಟದ ಟ್ರ್ಯಾಕಿನಲ್ಲಿ ಅಳೆದದ್ದಲ್ಲ. ಎದುರು ಕಡೆಯವರು ಮೊದಲ ಏಟು ಅಲ್ಲೇ ಹೊಡೆಯುತ್ತಾರೆ.

ಅದೇ ವಿಷಯಕ್ಕೆ ಇನ್ನೊಬ್ಬ ಬರೆದದ್ದು ನೋಡಿ: "2014ರಲ್ಲಿ ಜಲ್ಲಿಕಟ್ಟು ಬೇಡ ಎಂದ ಸುಪ್ರೀಂ ಕೋರ್ಟ್, 2023ರ ಮೇ 18ರಂದು ಜಲ್ಲಿಕಟ್ಟಿಗೂ ಕಂಬಳಕ್ಕೂ ದಾರಿ ಮಾಡಿದ ರಾಜ್ಯಗಳ ತಿದ್ದುಪಡಿ ಕಾನೂನುಗಳನ್ನು ಎತ್ತಿಹಿಡಿಯಿತು. ಈ ಒಂಬತ್ತು ವರ್ಷಗಳಲ್ಲಿ ಬದಲಾದದ್ದು ಪ್ರಾಣಿಗಳ ನೋವೋ, ಕಾನೂನಿನ ಪದಗಳೋ?" ಚಪ್ಪಾಳೆ ಬರಲಿಲ್ಲ. ಎರಡು ಬೆಂಚುಗಳ ನಡುವೆ ವಾದ ಶುರುವಾಯಿತು. ನನಗೆ ಬೇಕಾದದ್ದು ಅದೇ.

ಅಂಕಿ ಎಂದರೆ ದೊಡ್ಡ ಸಂಖ್ಯೆ ಆಗಬೇಕಿಲ್ಲ. ಬ್ಯಾಂಕುಗಳ ವಿಲೀನ ಸರಿಯೇ ಎಂಬ ವಿಷಯಕ್ಕೆ ನಾನೇ ಒಂದು ಮಾದರಿ ಬರೆದು ತೋರಿಸುತ್ತೇನೆ: "1906ರಿಂದ 1931ರೊಳಗೆ ಮಂಗಳೂರು, ಉಡುಪಿಯಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳು ಮುಂದೆ ರಾಷ್ಟ್ರೀಕರಣವಾದವು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ. 2020ರ ಏಪ್ರಿಲ್ 1ರಿಂದ ಆ ಹೆಸರುಗಳಲ್ಲಿ ಉಳಿದದ್ದು ಕೆನರಾ ಒಂದೇ." ಇಲ್ಲಿ ನಾಲ್ಕು ಮತ್ತು ಒಂದು ಎಂಬ ಸಣ್ಣ ಸಂಖ್ಯೆಗಳೇ ಸಾಕು. ಊರಿನವರಿಗೆ ಹೊಟ್ಟೆಯಲ್ಲಿ ಚುರುಕ್ ಅನ್ನುತ್ತದೆ. ವಿಲೀನದ ಪರ ಬರೆಯುವವರೂ ಇದೇ ಸಾಲುಗಳಿಂದ ಹೊರಡಬಹುದು. ಎರಡೂ ಕಡೆಗೆ ಒದಗುವ ಅಂಕಿ ಸಿಕ್ಕರೆ ಅದನ್ನು ಬಿಡಬೇಡಿ ಎಂದು ಮಕ್ಕಳಿಗೆ ಹೇಳುತ್ತೇನೆ.

ಗಾದೆ, ವಚನ, ದೊಡ್ಡವರ ಮಾತು

ಸ್ಪರ್ಧೆಗಳಲ್ಲಿ ಜಾಸ್ತಿ ಕಾಣುವುದು ಇದೇ. ಬಾಯಿಪಾಠ ಮಾಡಿದ ನಾಲ್ಕೈದು ಮಾತುಗಳನ್ನು ಎಲ್ಲ ವಿಷಯಕ್ಕೂ ಹಚ್ಚುತ್ತಾರೆ. ದೊಡ್ಡವರ ಮಾತು ಎತ್ತಿಕೊಂಡರೆ ಮೌಲ್ಯಮಾಪಕರಿಗೆ ಖುಷಿ ಎಂಬ ಲೆಕ್ಕಾಚಾರ ಇರುತ್ತದೆ. ನಾನು ಕಂಡ ಹಾಗೆ ಇದರಲ್ಲಿ ಎರಡು ತೊಂದರೆ. ಆ ಮಾತು ನಿಜವಾಗಿ ಅವರೇ ಹೇಳಿದ್ದಾ ಎಂದು ಮಕ್ಕಳಿಗೆ ಗೊತ್ತಿರುವುದಿಲ್ಲ, ವಾಟ್ಸ್ಯಾಪಿನಲ್ಲಿ ಬಂದದ್ದೂ ಪ್ರಬಂಧಕ್ಕೆ ನುಗ್ಗುತ್ತದೆ. ಇನ್ನೊಂದು, ಎಲ್ಲರೂ ಒಪ್ಪುವ ಮಾತಿನಿಂದ ಹೊರಟರೆ ವಾದಕ್ಕೆ ಉಸಿರೇ ಇರುವುದಿಲ್ಲ.

ಗಾದೆಯನ್ನು ಒಪ್ಪಿಕೊಳ್ಳದೆ ಅದರ ಜೊತೆ ಜಗಳಕ್ಕೆ ನಿಂತರೆ ಮಾತ್ರ ಅದು ಎದ್ದು ನಿಲ್ಲುತ್ತದೆ. ಮದುವೆ ಖರ್ಚಿಗೆ ಕಡಿವಾಣ ಬೇಕೇ ಎಂಬ ವಿಷಯಕ್ಕೆ ಹೆಚ್ಚಿನ ಮಕ್ಕಳು "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಎಂದು ಬರೆದು ಕಡಿವಾಣ ಬೇಕು ಎಂದರು. ಒಬ್ಬ ಹುಡುಗ ಮಾತ್ರ ಹೀಗೆ ಬರೆದ: "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂದು ಹಿರಿಯರು ಬೈಯುತ್ತಾರೆ. ಶಂಕರಪುರದ ಎಷ್ಟೋ ಮನೆಗಳಲ್ಲಿ ಹೊಟ್ಟೆಗೆ ಹಿಟ್ಟು ಬರುವುದೇ ಆ ಮಲ್ಲಿಗೆಯಿಂದ." ಎಷ್ಟು ಚಂದ ಅಲ್ವಾ? ಶಂಕರಪುರ ಉಡುಪಿ ಕಡೆಯ ಮಲ್ಲಿಗೆ ಬೆಳೆಯುವ ಊರು. ಮದುವೆ ಸೀಸನ್ನಿನಲ್ಲಿ ಮಲ್ಲಿಗೆ ಅಟ್ಟೆಯ, ಅಂದರೆ ಹೂವಿನ ಕಟ್ಟಿನ, ದರ ಏರುವುದು ಉಡುಪಿಯ ಮಕ್ಕಳಿಗೆ ಗೊತ್ತು. ಒಬ್ಬರ ದುಂದು ಇನ್ನೊಬ್ಬರ ದುಡಿಮೆ ಎಂಬ ವಾದ ಎರಡೇ ಸಾಲಿನಲ್ಲಿ ಬಂದುಬಿಟ್ಟಿತು. ನಾನು ಆ ಹುಡುಗನ ಕಡೆಯ ವಾದ ಪೂರ್ತಿ ಒಪ್ಪುವುದಿಲ್ಲ. ಆದರೆ ಆ ಪೀಠಿಕೆ ಓದಿದ ಮೇಲೆ ಪುಟ ಮಡಚಿಡಲು ಆಗಲಿಲ್ಲ.

ಕಣ್ಣೆದುರಿನ ದೃಶ್ಯವೋ, ಎದುರಾಳಿಯ ಮಾತೋ

ನಿಜವಾದ ಪೈಪೋಟಿ ಇರುವುದು ಈ ಎರಡರ ನಡುವೆ. ಮೀನುಗಾರಿಕೆಯ ವಿಷಯಕ್ಕೇ ಬಂದ ಎರಡು ಪೀಠಿಕೆಗಳನ್ನು ಪಕ್ಕಪಕ್ಕ ಇಡುತ್ತೇನೆ.

ಮೊದಲನೆಯದು: "ಜೂನ್ ಬಂದರೆ ಅಮ್ಮನ ಮೀನಿನ ಬುಟ್ಟಿ ಹಗುರವಾಗುತ್ತದೆ. ಬೋಟುಗಳು ದಡದಲ್ಲಿ, ನಾಡದೋಣಿಯವರು ತಂದ ಸ್ವಲ್ಪ ಮೀನಿಗೆ ಹತ್ತು ಜನ ಕೈ ಒಡ್ಡುತ್ತಾರೆ. ನಮ್ಮ ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ. ಪುಸ್ತಕ, ಕೊಡೆ, ಚಪ್ಪಲಿ ಎಲ್ಲ ಬೇಕಾಗುವುದೂ ಆಗಲೇ. ಇನ್ನೊಂದು ತಿಂಗಳು ನಿಷೇಧ ಹೆಚ್ಚಿಸಿ ಎನ್ನುವವರು ನಮ್ಮ ಮನೆಗೆ ಜೂನ್‌ನಲ್ಲಿ ಬರಬೇಕು."

ಎರಡನೆಯದು: "ನಿಷೇಧ ಹೆಚ್ಚಿಸಬೇಡಿ ಎನ್ನುವವರ ಮಾತಿನಲ್ಲಿ ಹುರುಳಿದೆ. ಬೋಟಿನ ಸಾಲದ ಕಂತು ಮಳೆಗಾಲಕ್ಕೆಂದು ನಿಲ್ಲುವುದಿಲ್ಲ. 61 ದಿನ ಕೂತವರಿಗೆ ಇನ್ನೂ ಕೂರಿ ಎನ್ನುವುದು ಸುಲಭದ ಮಾತಲ್ಲ. ಆದರೂ ಹೆಚ್ಚಿಸಬೇಕು ಎಂದೇ ನಾನು ಹೇಳುತ್ತೇನೆ. ಬೆರಳುದ್ದದ ಬಂಗುಡೆ ಮರಿಗಳು ಬಲೆಗೆ ಬಿದ್ದು ಮೀನಿನ ಹಿಟ್ಟಿನ ಕಾರ್ಖಾನೆಗೆ ಹೋಗುವುದು ನಿಲ್ಲದಿದ್ದರೆ, ಕಂತು ಕಟ್ಟಲು ನಾಳೆ ಮೀನೇ ಇರುವುದಿಲ್ಲ."

ಮೊದಲನೆಯದನ್ನು ಓದಿದಾಗ ತರಗತಿ ಪೂರ್ತಿ ಸುಮ್ಮನಾಯಿತು. ಮಕ್ಕಳಿಗೆ ಅದು ತುಂಬಾ ಹಿಡಿಸಿತು, ನನಗೂ ಹಿಡಿಸಿತು. ಕೊಡೆ, ಚಪ್ಪಲಿ ಎಂಬ ಎರಡು ಪದ ಮಾಡಿದ ಕೆಲಸವನ್ನು ಒಂದು ಪ್ಯಾರಾ ವಿವರಣೆ ಮಾಡಲಾರದು. ದೃಶ್ಯದ ಶಕ್ತಿ ಅದು. ಆದರೆ ವಾದ ಹುಟ್ಟಲಿಲ್ಲ. ಒಪ್ಪದವರಿಗೂ ಬಾಯಿ ತೆರೆಯಲು ಸಂಕೋಚ. ಒಬ್ಬರ ಮನೆಯ ಕಷ್ಟದ ಎದುರು ಯಾರು ವಾದ ಮಾಡುತ್ತಾರೆ?

ಎರಡನೆಯದನ್ನು ಓದುವಾಗ ಮೂರನೇ ಸಾಲಿನವರೆಗೆ ಎಲ್ಲರೂ ತಲೆಯಾಡಿಸಿದರು, ಇವರು ನಮ್ಮ ಕಡೆ ಎಂದುಕೊಂಡರು. "ಆದರೂ" ಬಂದ ಕೂಡಲೇ ಗದ್ದಲ. "ಬೇಕಿದ್ದರೆ ಮರಿ ಮೀನು ಹಿಡಿಯುವುದನ್ನು ಮಾತ್ರ ನಿಲ್ಲಿಸಲಿ, ದಿನ ಎಂತಕ್ಕೆ ಹೆಚ್ಚಿಸುವುದು?" ಎಂದು ಒಬ್ಬ ಎದ್ದು ನಿಂತ. ಅದಕ್ಕೆ ಇನ್ನೊಬ್ಬಳು ಬಲೆಯ ಕಣ್ಣಿನ ಅಳತೆ ಎತ್ತಿದಳು. ನಾನು ಮುಂದಿನ ಪೀಠಿಕೆ ಓದಲು ಗಂಟೆ ಹೊಡೆಯುವವರೆಗೂ ಆಗಲಿಲ್ಲ.

ಹಾಗಾಗಿ ಚರ್ಚಾ ಪ್ರಬಂಧಕ್ಕೆ ನನ್ನ ಮೊದಲ ಆಯ್ಕೆ ಎದುರಾಳಿಯ ಮಾತಿನಿಂದ ಹೊರಡುವ ಪೀಠಿಕೆ. ನಮ್ಮ ಕಡೆಯವರಿಗೆ ಇದು ಹೊಸತೂ ಅಲ್ಲ. ತಾಳಮದ್ದಳೆ ಎಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಅದರಲ್ಲಿ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾಕೆ ಎಂದು ವಾಲಿ ಕೇಳಿದಾಗ, ರಾಮನ ಅರ್ಥ ಹೇಳುವವರು, ಅಂದರೆ ರಾಮನಾಗಿ ಮಾತಾಡುವವರು, ಆ ಪ್ರಶ್ನೆಯನ್ನು ಸಣ್ಣದು ಮಾಡಿದರೆ ಸಭೆ ಒಪ್ಪುವುದಿಲ್ಲ. ಅದರ ಪೂರ್ತಿ ಭಾರ ಹೊತ್ತುಕೊಂಡೇ ಉತ್ತರ ಕೊಡಬೇಕು. ಪ್ರಬಂಧದಲ್ಲೂ ಅಷ್ಟೇ. "ಕೆಲವು ಬುದ್ಧಿಯಿಲ್ಲದವರು ಹೀಗೆ ಹೇಳುತ್ತಾರೆ" ಎಂದು ಶುರು ಮಾಡಿದರೆ ಎದುರಾಳಿಯನ್ನು ಗೆದ್ದ ಹಾಗಾಗುವುದಿಲ್ಲ, ಗೊಂಬೆ ಮಾಡಿ ಹೊಡೆದ ಹಾಗಾಗುತ್ತದೆ. ಎದುರು ಕಡೆಯವರು ಓದಿ "ಹೌದು, ನಾವು ಹೇಳುವುದು ಇದನ್ನೇ" ಎನ್ನಬೇಕು. ಆಮೇಲೆ ತಿರುಗಿಸಬೇಕು. ಎದುರಾಳಿಯ ಮಾತು ಮೂರು ಸಾಲು ಮೀರಬಾರದು. ತಿರುವು ತಡವಾದರೆ ಬರೆದವರು ಯಾವ ಕಡೆ ಎಂದು ಮೌಲ್ಯಮಾಪಕರಿಗೇ ಗೊಂದಲ.

ಆದರೆ ಎಲ್ಲ ಮಕ್ಕಳಿಗೂ ಇದನ್ನೇ ಹೇಳುವುದಿಲ್ಲ. ವಾದ ಕಟ್ಟುವುದರಲ್ಲಿ ಇನ್ನೂ ತಡವರಿಸುವ ಮಕ್ಕಳು ಎದುರಾಳಿಯ ಮಾತು ಬರೆಯುತ್ತಾ ಅದರಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಅವರಿಗೆ ದೃಶ್ಯವೇ ಒಳ್ಳೆಯದು. ತಾವು ಕಂಡದ್ದನ್ನು ಬರೆಯಲು ಹೇಳಿದರೆ ಕೈ ಓಡುತ್ತದೆ. ಭಾಷಣ ಸ್ಪರ್ಧೆಗೂ ದೃಶ್ಯ ಚೆನ್ನಾಗಿ ಹೊಂದುತ್ತದೆ, ಸಭೆ ಕೂಡಲೇ ಶಾಂತವಾಗುತ್ತದೆ. ಸಮಯ ಕಡಿಮೆ ಇರುವ ಪರೀಕ್ಷೆಯಲ್ಲಿ ಅಂಕಿ ಅನುಕೂಲ, ಆದರೆ ಪಕ್ಕಾ ಗೊತ್ತಿದ್ದರೆ ಮಾತ್ರ. ಅರ್ಧಂಬರ್ಧ ನೆನಪಿನ ಸಂಖ್ಯೆ ಬರೆಯುವುದಕ್ಕಿಂತ ಬಿಡುವುದು ಮೇಲು.

ದೃಶ್ಯದ ವಿಚಾರದಲ್ಲಿ ಒಂದು ಕಟ್ಟುನಿಟ್ಟು ಇಟ್ಟಿದ್ದೇನೆ. ಪಕ್ಕದ ಮನೆಯ ಅಜ್ಜ ಬಿದ್ದರು, ಗೆಳೆಯನ ಅಣ್ಣ ಮೊಬೈಲ್ ನೋಡುತ್ತಾ ಗುಂಡಿಗೆ ಹೋದ ಎಂದೆಲ್ಲ ಮಕ್ಕಳು ಸುಮ್ನೆ ಕಥೆ ಹುಟ್ಟಿಸುತ್ತಾರೆ. ವಾದಕ್ಕೆ ಸಾಕ್ಷಿಯಾಗಿ ನಿಲ್ಲಬೇಕಾದ್ದು ಸುಳ್ಳಾಗಬಾರದು. ಕಲ್ಪನೆಯಾದರೆ "ಹೀಗೊಂದು ಮನೆ ಇದೆ ಎಂದುಕೊಳ್ಳಿ" ಎಂದು ಮೊದಲೇ ಬರೆಯಿರಿ ಎನ್ನುತ್ತೇನೆ. ಹಾಗೆ ಬರೆದರೂ ದೃಶ್ಯದ ಬಲ ಅಷ್ಟೇನೂ ಕಡಿಮೆಯಾಗುವುದಿಲ್ಲ, ಓದಿಸಿ ನೋಡಿದ್ದೇನೆ.

ಬರೆಯುವ ಕ್ರಮವನ್ನೂ ಬದಲಿಸಿದ್ದೇವೆ. ಮೊದಲು ಹಾಳೆಯ ಹಿಂಬದಿಯಲ್ಲಿ ತಮ್ಮ ನಿಲುವನ್ನು ಒಂದೇ ವಾಕ್ಯದಲ್ಲಿ ಬರೆಯುತ್ತಾರೆ. ಅದರ ಕೆಳಗೆ, ಇದನ್ನು ಒಪ್ಪದವರು ಕೇಳುವ ಅತಿ ಗಟ್ಟಿ ಪ್ರಶ್ನೆ. ಇವೆರಡೂ ಆದಮೇಲೆಯೇ ಹಾಳೆ ತಿರುಗಿಸಿ ಪೀಠಿಕೆಗೆ ಕೈ ಹಾಕುವುದು. ಹೀಗೆ ಮಾಡುವ ಮಕ್ಕಳ ಹಾಳೆಯಲ್ಲಿ "ಇಂದಿನ ಆಧುನಿಕ ಯುಗದಲ್ಲಿ" ಈಗ ಅಪರೂಪ.