ಲೆಗೋ ಪಿಪೆಟ್ ರೋಬೋಟ್: ಹಾವೇರಿ ಮಕ್ಕಳ ಕೈಯಲ್ಲಿ ಇಷ್ಟು ದಿನ ಬಾಳಿದ ಮೇಲೆ

ಪಿಪೆಟ್ ಅಂದರೆ ಲ್ಯಾಬಿನಲ್ಲಿ ದ್ರವವನ್ನು ಅಳೆದು ಹಾಕುವ ನಳಿಕೆ. ಆ ಕೆಲಸವನ್ನು ತಾನೇ ಮಾಡುವ ಲೆಗೋ ರೋಬೋಟ್ ಇದು. ಪೆಟ್ಟಿಗೆ ಬಿಚ್ಚಿ ಸ್ವಿಚ್ ಹಾಕುವ ಸಾಮಾನಲ್ಲ. ನಾವೇ ಕಟ್ಟಿಕೊಳ್ಳಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು 2017ರಲ್ಲಿ 'ಪ್ಲಾಸ್ ಬಯಾಲಜಿ' ಪತ್ರಿಕೆಯಲ್ಲಿ ಇದರ ವಿನ್ಯಾಸ ಪ್ರಕಟಿಸಿತು. ಕಟ್ಟುವ ಕ್ರಮ, ಪ್ರಯೋಗಗಳು ಎಲ್ಲ ಅದರ ಜೊತೆಗೇ ಪುಕ್ಕಟೆ ಸಿಗುತ್ತವೆ. ತೀರಾ ಸರಳ ಮಾದರಿಗೆ ಲೆಗೋ ಎಜುಕೇಶನ್‌ನ ಇವಿ3 ಕೋರ್ ಸೆಟ್ (ಮೋಟರ್, ಪ್ರೋಗ್ರಾಂ ಹಾಕುವ ಪುಟ್ಟ ಕಂಪ್ಯೂಟರ್ ಇರುವ ರೋಬೋಟ್ ಸೆಟ್) ಒಂದೇ ಸಾಕು, ಜೊತೆಗೊಂದು ಪ್ಲಾಸ್ಟಿಕ್ ಸಿರಿಂಜ್. ನಮ್ಮದರಲ್ಲಿ ಒಂದು ಮೋಟರ್ ಅಡ್ಡ ಓಡಿಸುತ್ತದೆ, ಇನ್ನೊಂದು ಸಿರಿಂಜನ್ನು ಕೆಳಗಿಳಿಸುತ್ತದೆ, ಮೂರನೆಯದು ಸಿರಿಂಜಿನ ಒತ್ತುಕಡ್ಡಿ ಅಂದರೆ ಪ್ಲಂಜರ್ ಒತ್ತುತ್ತದೆ. ಅಷ್ಟೇ.

ಲ್ಯಾಬ್‌ಗೆಂದೇ ಮಾಡಿದ ಯಂತ್ರ ಲಕ್ಷಗಟ್ಟಲೆ ಆಗುತ್ತದೆ. ಅದರ ಮುಂದೆ ಇದು ಅಗ್ಗ, ನಿಜ. ಆದರೆ ಶಾಲೆಯ ಕಪಾಟಿನಲ್ಲಿ ಸೆಟ್ ಮೊದಲೇ ಇದ್ದರೆ ಮಾತ್ರ. ಇವಿ3 ತಯಾರಿಕೆ 2021ರಲ್ಲೇ ನಿಂತಿದೆ, ಈಗೇನಿದ್ದರೂ ಸೆಕೆಂಡ್ ಹ್ಯಾಂಡ್. ನಮಗೆ ಸಿಕ್ಕಿದ್ದು ಹುಬ್ಬಳ್ಳಿಯಲ್ಲಿ ಮುಚ್ಚಿಹೋದ ಒಂದು ಕೋಚಿಂಗ್ ಸೆಂಟರಿನವರು ಮಾರಿದ ಸೆಟ್. ಬ್ಯಾಟರಿ ಪೂರ್ತಿ ಸತ್ತಿತ್ತು, ಅವರು ಹೇಳಲೇ ಇಲ್ಲ. ಪುಣ್ಯಕ್ಕೆ ಇವಿ3 ಆರು ಎಎ ಸೆಲ್ ಹಾಕಿದರೂ ನಡೆಯುತ್ತದೆ.

ಇಟ್ಟಿಗೆ, ಮೋಟರ್ ಬಗ್ಗೆ ನನ್ನದೇನೂ ತಕರಾರಿಲ್ಲ. ಎಂಟನೇ ಕ್ಲಾಸಿನ ಹುಡುಗರು ಬೀಳಿಸಿದ್ದಾರೆ, ಬಿಚ್ಚಿದ್ದಾರೆ, ಮತ್ತೆ ಕಟ್ಟಿದ್ದಾರೆ. ಇದರ ಜೀವ ಇರುವುದು ಸಿರಿಂಜಿನಲ್ಲಿ.

ತರುವಾಗ ನೋಡಿ ತನ್ನಿ. ಮೆಡಿಕಲ್ ಅಂಗಡಿಯಲ್ಲಿ ಸುಮ್ನೆ 'ಸಣ್ಣ ಸಿರಿಂಜ್' ಅಂದರೆ ಇನ್ಸುಲಿನ್ ಸಿರಿಂಜ್ ಕೊಡುತ್ತಾರೆ. ಕೆಂಪು ಮುಚ್ಚಳದ್ದು ಯು-40, ಕಿತ್ತಳೆಯದ್ದು ಯು-100. ಮೊದಲನೆಯದರಲ್ಲಿ 40 ಯೂನಿಟ್ ಅಂದರೆ 1 ಎಂಎಲ್, ಎರಡನೆಯದರಲ್ಲಿ 100 ಯೂನಿಟ್. ಮಕ್ಕಳ ಲೆಕ್ಕ ಅಲ್ಲೇ ಕೆಡುತ್ತದೆ. ಸಾಲದ್ದಕ್ಕೆ ಎಷ್ಟೋ ಇನ್ಸುಲಿನ್ ಸಿರಿಂಜಿನಲ್ಲಿ ಸೂಜಿ ಬಿಚ್ಚಲು ಬರುವುದಿಲ್ಲ. 1 ಎಂಎಲ್ ಟ್ಯೂಬರ್ಕುಲಿನ್ ಸಿರಿಂಜ್ ಕೇಳಿ, ಸೂಜಿ ತೆಗೆದು ಎಸೆಯಿರಿ, ತುದಿಗೆ ಸಲೈನ್ ಪೈಪಿನ ತುಂಡು ಸಿಕ್ಕಿಸಿ.

ಹೊಸ ಸಿರಿಂಜ್ ಬೆಣ್ಣೆ ಥರ ಜಾರುತ್ತದೆ. ಒಳಗೆ ತೆಳುವಾಗಿ ಸಿಲಿಕೋನ್ ಎಣ್ಣೆ ಸವರಿರುತ್ತಾರೆ. ತೊಳೆದು ತೊಳೆದು ಅದು ಹೋಯಿತೋ, ರಬ್ಬರ್ ಕಚ್ಚಿಕೊಳ್ಳುತ್ತದೆ. ಮೋಟರ್ ತಿರುಗುತ್ತಿರುತ್ತದೆ, ಪ್ಲಂಜರ್ ಮಿಸುಕುವುದಿಲ್ಲ, ಆಮೇಲೆ ತಟ್ಟನೆ ಹಾರುತ್ತದೆ. 20 ಮೈಕ್ರೋಲೀಟರ್ (ಎಂಎಲ್‌ನ ಸಾವಿರದಲ್ಲೊಂದು ಪಾಲು ಒಂದು ಮೈಕ್ರೋಲೀಟರ್) ಕೇಳಿದರೆ ಒಮ್ಮೆ ಏನೂ ಬರುವುದಿಲ್ಲ, ಮರುಸಲ ಎರಡರಷ್ಟು ಬರುತ್ತದೆ. ಪ್ರೋಗ್ರಾಂ ತಿದ್ದುತ್ತಾ ಕೂರಬೇಡಿ, ಸಿರಿಂಜ್ ಬದಲಿಸಿ.

ಲೆಕ್ಕ ಬೇಕಾದವರಿಗೆ: 8 ಹಲ್ಲಿನ ಗೇರ್ ಒಂದು ಸುತ್ತು ಹಾಕಿದರೆ ಪ್ಲಂಜರ್ ತಳ್ಳುವ ಹಲ್ಲಿನ ಪಟ್ಟಿ ಸುಮಾರು 25 ಮಿಮೀ ಸರಿಯುತ್ತದೆ. ನಮ್ಮ ಸಿರಿಂಜಿನಲ್ಲಿ 1 ಎಂಎಲ್ ಅಂದರೆ ಸುಮಾರು 57 ಮಿಮೀ. ಹಾಗಾಗಿ ಮೋಟರಿನ ಒಂದು ಡಿಗ್ರಿಗೆ 1.2 ಮೈಕ್ರೋಲೀಟರ್ ಬರಬೇಕು. ಇದು ಕಾಗದದ ಮೇಲಿನ ಮಾತು. ಗೇರುಗಳ ನಡುವಿನ ಸಡಿಲ ಕೆಲವು ಡಿಗ್ರಿ ನುಂಗಿಬಿಡುತ್ತದೆ. ಅದಕ್ಕೇ ದ್ರವ ಎಳೆದ ಮೇಲೆ ಒಂಚೂರು ವಾಪಸ್ ಒತ್ತಿಸಿ, ಆಮೇಲೆ ಅಳತೆ ಶುರು ಮಾಡಿಸಿ. ಒಂದು ಮೈಕ್ರೋಲೀಟರಿಗೂ ಕೆಳಗೆ ಹೋಗಬಹುದು ಅಂತ ಮೂಲ ಲೇಖನ ಹೇಳುತ್ತದೆ. ನಮ್ಮ ಕೋಣೆಯಲ್ಲಿ 50ಕ್ಕಿಂತ ಕೆಳಗೆ ನಾನಂತೂ ನಂಬುವುದಿಲ್ಲ. ಪರೀಕ್ಷೆ ಸುಲಭ: ಚಿನ್ನ ತೂಗುವ ಸಣ್ಣ ತಕ್ಕಡಿ ಮೇಲೆ 50 ಮೈಕ್ರೋಲೀಟರ್ ನೀರನ್ನು ಇಪ್ಪತ್ತು ಸಲ ಹಾಕಿಸಿ. ಹೆಚ್ಚುಕಡಿಮೆ 1 ಗ್ರಾಂ ಬರಬೇಕು.

ಲ್ಯಾಬಿನಲ್ಲಿ ಒಟ್ಟಿಗೆ ಹಲವು ಮಾದರಿ ಹಾಕಿಡುವ 96 ಗುಳಿಯ ಪ್ಲಾಸ್ಟಿಕ್ ತಟ್ಟೆ ಇನ್ನೊಂದು ತಲೆನೋವು. ಗುಳಿಗಳ ಅಂತರ 9 ಮಿಮೀ, ಲೆಗೋ ಗುಬ್ಬಿಗಳ ಅಂತರ 8. ಗುಬ್ಬಿ ಎಣಿಸಿ ತಟ್ಟೆ ಕೂರಿಸಿದರೆ ಮೂರನೇ ಗುಳಿಗೇ ಹನಿ ಅಂಚಿಗೆ ಬಡಿಯುತ್ತದೆ. ಮೋಟರಿನ ಡಿಗ್ರಿ ಲೆಕ್ಕದಲ್ಲೇ ಸರಿಸಬೇಕು. ಬರೀ ಪಾಠಕ್ಕಾದರೆ ಸಾಲಾಗಿಟ್ಟ ಕ್ಯುವೆಟ್ (ದ್ರವ ಹಾಕುವ ಸಣ್ಣ ಪಾರದರ್ಶಕ ಡಬ್ಬಿ) ಸಾಕು.

ಬ್ಯಾಡಗಿ ಪಕ್ಕದಲ್ಲೇ ಇದೆ, ಕೇಳದೇ ಬಿಡ್ತಾರಾ? "ಸರ್, ನಮ್ಮ ಮೆಣಸಿನಕಾಯಿ ಬಣ್ಣ ಇದರಾಗ ಅಳಿಯಾಕ ಬರ್ತೈತೇನ್ರಿ?" ಅಂತ ಒಬ್ಬಳು ಕೇಳಿದಳು. ಒಳ್ಳೇ ಪ್ರಶ್ನೆ. ಬ್ಯಾಡಗಿಗೆ ಬೆಲೆ ಬರುವುದೇ ಖಾರಕ್ಕಿಂತ ಜಾಸ್ತಿ ಬಣ್ಣಕ್ಕೆ ಅಲ್ವಾ. ಆದರೆ ಆ ಬಣ್ಣ ನೀರಿನಲ್ಲಿ ಬಿಡುವುದಿಲ್ಲ. ಲ್ಯಾಬಿನಲ್ಲಿ ಅದನ್ನು ಅಸಿಟೋನಿನಲ್ಲಿ ತೆಗೆದು, 460 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ಲೆಗೋ ಇಟ್ಟಿಗೆ ಎಬಿಎಸ್ ಪ್ಲಾಸ್ಟಿಕ್, ಅಸಿಟೋನ್ ಅದನ್ನು ಕರಗಿಸುತ್ತದೆ. ಒಡೆದ ಒಂದು ಇಟ್ಟಿಗೆ ಮೇಲೆ ನೇಲ್ ಪಾಲಿಶ್ ತೆಗೆಯುವ ದ್ರವದ ಹನಿ ಹಾಕಿ ತೋರಿಸಿದೆ. ಹೊಳಪು ಹೋಗಿ, ಮುಟ್ಟಿದರೆ ಬೆರಳಿಗೆ ಅಂಟಿತು. ಅದರ ಬದಲು ಅರಿಶಿನ ನೀರಿಗೆ ವಾಷಿಂಗ್ ಸೋಡಾ ನೀರನ್ನು 50, 100, 150 ಮೈಕ್ರೋಲೀಟರ್ ಅಂತ ಏರಿಸುತ್ತಾ ಹಾಕಿಸಿದೆವು. ಹಳದಿಯಿಂದ ಕೆಂಪಿಗೆ ತಿರುಗಿದ ಸಾಲು ನೋಡಿ ಓಕುಳಿ ನೆನಪಾಗದವರು ಯಾರೂ ಇರಲಿಲ್ಲ.

ನನ್ನ ಅಂಕ ಶಾಲೆಗಾದರೆ ಐದಕ್ಕೆ ನಾಲ್ಕು, ನಿಜವಾದ ಲ್ಯಾಬಿಗಾದರೆ ಎರಡು. ಹಳೇ ಸೆಟ್ ಕೊಳ್ಳುವವರು ಮೂರೂ ಮೋಟರ್ ತಿರುಗಿಸಿ ನೋಡಿ, ಕೇಬಲ್ ಎಣಿಸಿಕೊಳ್ಳಿ. ಕೇಬಲ್ ನೋಡಲು ಟೆಲಿಫೋನಿನದೇ ಥರ ಇರುತ್ತದೆ. ಆದರೆ ಕ್ಲಿಪ್ ನಡುವೆ ಇಲ್ಲ, ಪಕ್ಕಕ್ಕಿದೆ. ಅಂಗಡಿಯ ಸಾದಾ ಕೇಬಲ್ ಇದಕ್ಕೆ ಕೂರುವುದಿಲ್ಲ.