ಪಿಕಪ್ ಕ್ಲಚ್: ಕಂಪನಿ ಸೆಟ್ಟೋ, ಹೊರಗಿನದೋ, ಹಳೆಯದಕ್ಕೇ ಲೈನಿಂಗೋ?

ಮದ್ದೂರಿನಿಂದ ಎಳನೀರು ಹೊರುವ ಪಿಕಪ್ಪಿಗೆ ಯಾವ ಕ್ಲಚ್ ಹಾಕಿಸಲಿ ಅಂತ ಕೇಳಿದ್ದೀರಿ. ಇಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ ಅಂದರೆ ಮೊದಲು ಪೆಡಲ್ ಫ್ರೀಪ್ಲೇ, ಅಂದರೆ ಕ್ಲಚ್ ಕೆಲಸ ಶುರುಮಾಡುವ ಮುಂಚೆ ಪೆಡಲ್ ಸಡಿಲವಾಗಿ ಇಳಿಯುವ ಅಂತರ, ನೋಡಿಸಿ. ಅದು ಸರಿಯಿದ್ದರೆ ಸಾಮಾನ್ಯವಾಗಿ ಕ್ಲಚ್ ಪ್ಲೇಟ್ ಸವೆದಿರುತ್ತದೆ, ಇಲ್ಲವೇ ಆಯಿಲ್ ಮೆತ್ತಿರುತ್ತದೆ.

ಖರ್ಚಿನಲ್ಲಿ ಹಳೇ ಪ್ಲೇಟಿಗೆ ಹೊಸ ಲೈನಿಂಗ್ (ಹಿಡಿತ ಕೊಡುವ ಮೇಲ್ಪದರ) ಹೊಡೆಸುವುದೇ ಅಗ್ಗ. ಆದರೆ ಪ್ಲೇಟಿನ ಸ್ಪ್ರಿಂಗ್‌ಗಳು ಹಳೆಯವೇ ಉಳಿಯುತ್ತವೆ. ದಿನವೂ ಲೋಡ್ ಹೊಡೆಯುವ ಗಾಡಿಗೆ ನಾನಂತೂ ಇದನ್ನು ಒಪ್ಪುವುದಿಲ್ಲ. ಅಪರೂಪಕ್ಕೆ ಗದ್ದೆಗೆ ಹೋಗಿಬರುವ ಗಾಡಿಗೆ ಸಾಕು.

ವಾರಂಟಿ ಇನ್ನೂ ಇದ್ದರೆ ಕಂಪನಿ ಸೆಟ್ಟೇ ಸರಿ, ಬೆಲೆ ಜಾಸ್ತಿಯಾದರೂ. ವಾರಂಟಿ ಮುಗಿದಿದ್ದರೆ ಲೂಕ್, ವೇಲಿಯೋ ಥರದ ಹೊರಗಿನ ಬ್ರಾಂಡಿನ ಸೆಟ್ ನೋಡಬಹುದು. ಬಿಲ್ ತೆಗೆದುಕೊಳ್ಳಿ, ನಕಲಿ ಮಾಲೂ ಓಡಾಡುತ್ತದೆ.

ಯಾವುದೇ ಹಾಕಿಸಿ, ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ಪೆಡಲ್ ತುಳಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಜೊತೆಗೇ ನೋಡಿಸಿ. ಗೇರ್‌ಬಾಕ್ಸ್ ಇಳಿಸಿಯೇ ಕ್ಲಚ್ ಬಿಚ್ಚಬೇಕು, ಆ ಕೂಲಿ ಸುಮ್ನೆ ಎರಡು ಸಲ ಯಾಕೆ, ಅಲ್ವಾ? ಆಯಿಲ್ ಸೀಲ್ ಸೋರುತ್ತಿದ್ದರೆ ಅದನ್ನೂ ಆಗಲೇ ಬದಲಿಸಿ.